ಏಳು ಮೆಣಸಿನಕಾಯಿ

ಬೆಳಗಿನ ಆರಕ್ಕೆ ವಡಾಳಾದ ಉಪ್ಪಿನ ಗದ್ದೆಗಳ ಕಡೆಯಿಂದ
ಗಾಳಿ ಬಂದು ಡಿಪೋದ ತಗಡಿನ ಗೇಟು ಬಡಿಯುತ್ತದೆ.
ನಾನು ರಿಜಿಸ್ಟರ್ ತೆರೆಯುತ್ತೇನೆ.
ಹದಿನೆಂಟು ಗಾಡಿ, ಇಪ್ಪತ್ಮೂರು ಡ್ರೈವರು.
ಗೋಡೆಗೆ ಹದಿನೆಂಟು ಮೊಳೆ, ಮೊಳೆಗೊಂದು ಕೀಲಿಕೈ.

ಕಾಗದಕ್ಕೂ ಆಯುಷ್ಯವಿದೆ, ಮನುಷ್ಯರದ್ದಕ್ಕಿಂತ ಖಚಿತವಾಗಿ.
ಏಳನೇ ಗಾಡಿಯ ಹೊಗೆ ಪತ್ರ ಗುರುವಾರ ತೀರುತ್ತದೆ,
ಮೂರನೆಯದರ ಫಿಟ್ನೆಸ್ ಅಮಾವಾಸ್ಯೆಯ ಮರುದಿನ.
ಇನ್ಶೂರೆನ್ಸು, ಪರ್ಮಿಟ್ಟು, ಕಟ್ಟದೆ ಉಳಿದ ಚಲನ್ನು
ಎಲ್ಲ ಕೆಂಪು ಶಾಯಿಯಲ್ಲಿ ಗೀಚಿ
ಕ್ಯಾಲೆಂಡರಿನ ತಿಥಿ ನಕ್ಷತ್ರ ಮುಚ್ಚಿಹಾಕಿದ್ದೇನೆ.
ನನ್ನ ಪಂಚಾಂಗ ಇದು. ರಾಹುಕಾಲವೆಂದರೆ
ಪನವೇಲಿನಾಚೆ ಅಡ್ಡ ಚಾಚುವ ಒಂದು ಖಾಕಿ ತೋಳು.

ಇವತ್ತು ಲಾಡ್ಲೇಸಾಬನ ಕಣ್ಣಿನ ತಪಾಸಣೆ.
ಆಳಂದದವನು. ನಾನು ಈ ಕುರ್ಚಿಗೆ ಬರುವ ಮೊದಲೇ
ಹನ್ನೊಂದನೇ ಗಾಡಿಗೆ ಬಂದವನು.
ಮೂವತ್ತೊಂದು ವರ್ಷ ಬೋರ್‌ಘಾಟ್ ಹತ್ತಿ ಇಳಿದು
ಮಡ್‌ಗಾರ್ಡಿಗೆ ಒಂದು ಗೀರಿಲ್ಲ.
ನನ್ನ ಜೊತೆ ಕನ್ನಡ, ಪೊಲೀಸರ ಜೊತೆ ಮರಾಠಿ,
ಗಾಡಿ ಕೆಟ್ಟರೆ ಎರಡೂ.

ಬಾಗಿಲ ಹಿಂದಿನ ಚಾರ್ಟಿನೆದುರು ನಿಂತ.
ಅಂಗೈಯಿಂದ ಒಂದು ಕಣ್ಣು ಮುಚ್ಚಿ ಇಂಗ್ಲಿಷ್ ಅಕ್ಷರಗಳನ್ನು
ಕಟ್ಟಕಡೆಯ ಸಾಲಿನವರೆಗೂ ತಡೆಯದೆ ಓದಿದ,
ಮಗ್ಗಿ ಒಪ್ಪಿಸುವ ಹುಡುಗನ ಹಾಗೆ.
ನಾನು ಪೆನ್ನಿನ ಮುಚ್ಚಳ ತೆಗೆದೆ.
ಆಮೇಲೆ ನೆನಪಾಯಿತು,
ಸಂಬಳದ ಪಟ್ಟಿಯಲ್ಲಿ ಇವನದು ಹೆಬ್ಬೆಟ್ಟು.

‘ಯಾರ್ ಕಲಿಸಿದ್ರು ಚಾಚಾ?’
‘ಸೋಪಾನ. ಘಾಟ್ ಏರೂದ್ರಾಗ, ಎರಡು ದಿನ.’
ಮುಖದಲ್ಲಿ ಕಳ್ಳತನವಿರಲಿಲ್ಲ.
‘ಅಕ್ಷರ ಬರಂಗಿಲ್ರೀ ಬಾಯಿ. ರಸ್ತೆ ಬರ್ತದ.’

ಅಕ್ಷರ ಬಾರದವನಿಗೆ ಅಕ್ಷರದ ಪರೀಕ್ಷೆ ಇಟ್ಟವರು ನಾವು.
ಹಾಗಂದುಕೊಂಡು ಸಹಿ ಹಾಕಿಬಿಡಬಹುದಿತ್ತು.
ಆದರೆ ಒಂಬತ್ತು ಟನ್ನು ಸೋಪಿನ ಪುಡಿ,
ಸೊಲ್ಲಾಪುರದವರೆಗಿನ ಒಂದು ರಾತ್ರಿ,
ಎದುರಿನಿಂದ ಬರುವ ಹೆಸರು ಗೊತ್ತಿಲ್ಲದವರು.
ಇಷ್ಟನ್ನೂ ಇವನ ಕೈಗೆ ಕೊಡಬಹುದೆಂದು
ಕೆಳಗೆ ಹೆಸರು ಬರೆಯುವವಳು ನಾನು.

‘ಹೊರಗ ಬರ್ರಿ’ ಅಂದೆ.
ಇಪ್ಪತ್ತು ಹೆಜ್ಜೆ ಆಚೆ ನಿಂತಿತ್ತು ಅವನದೇ ಗಾಡಿ,
ಬಂಪರಿನಲ್ಲಿ ನಿಂಬೆಹಣ್ಣು, ಹಸಿಮೆಣಸಿನ ಸರ.
‘ಮೆಣಸಿನಕಾಯಿ ಎಷ್ಟದಾವ, ಎಣಸ್ರಿ.’
ನಕ್ಕುಬಿಟ್ಟ. ಕಣ್ಣು ಕಿರಿದು ಮಾಡಲೂ ಇಲ್ಲ.
‘ಏಳು. ಯಾವಾಗಲೂ ಏಳೇ ಇರ್ತಾವ.’

ಗಾಡಿಯ ಅಡಿಯಿಂದ ಸೋಪಾನನ ತಲೆ ಹೊರಬಂದು
ಮತ್ತೆ ಒಳಗೆ ಹೋಯಿತು.
ನಾನು ಹತ್ತಿರ ಹೋಗಿ ಎಣಿಸಿದೆ. ಎರಡು ಸಲ.
ಶನಿವಾರ ಮಾರುವವಳ ಬುಟ್ಟಿ ತಳ ಕಂಡಿತ್ತಂತೆ;
ಇದ್ದಷ್ಟು ಪೋಣಿಸಿ ಎರಡು ರೂಪಾಯಿ ಬಿಟ್ಟಿದ್ದಳಂತೆ.

ತಲೆಯ ಮೇಲೆ ಮೋನೋರೈಲು, ನಾಲ್ಕೇ ಜನರನ್ನು ಹೊತ್ತು,
ನಿಧಾನವಾಗಿ ಹಾದುಹೋಯಿತು.
‘ಎಷ್ಟದಾವ?’ ಅವನೇ ಕೇಳಿದ.
‘ಐದು.’

ಏನೂ ಅನ್ನಲಿಲ್ಲ. ಜೇಬಿನಿಂದ ಕೀಲಿಕೈ ತೆಗೆದು
ಒಳಗೆ ಹೋಗಿ, ನೋಡದೆಯೇ
ಹನ್ನೊಂದನೇ ಮೊಳೆಗೆ ನೇತುಹಾಕಿದ.
ಕಣ್ಣಿನ ಆಸ್ಪತ್ರೆ, ಪೊರೆ, ಆಪರೇಷನ್ನು, ಒಂದು ತಿಂಗಳು
ಎಂದೆಲ್ಲ ನಾನು ಹೇಳುತ್ತಿದ್ದೆ.
ಕೇಳಿಸಿಕೊಳ್ಳುವವನ ಹಾಗೆ ನಿಂತಿದ್ದ, ಅಷ್ಟೇ.

ಎಂಟಕ್ಕೆ ವಿಶ್ವಂಭರ ಬಂದು ಹನ್ನೊಂದನ್ನು ಹಿಂದಕ್ಕೆ ತೆಗೆದ.
ಯಾರೂ ಕರೆಯದಿದ್ದರೂ ಲಾಡ್ಲೇಸಾಬ ಹಿಂದೆ ಹೋಗಿ ನಿಂತು
ಆಂದೋ, ಆಂದೋ, ಎಂದು ತಗಡು ತಟ್ಟುತ್ತಿದ್ದವನು
ಸಟ್ಟನೆ ಕೈ ಎತ್ತಿದ.
‘ತಡೀರಿ. ಎಡಕ್ಕ, ಹಿಂದಿನ ಗಾಲಿ. ಬೇರಿಂಗ್ ಅಳಾಕತ್ತದ.’
ನಮಗೆ ಯಾರಿಗೂ ಕೇಳಿಸಲಿಲ್ಲ.
ಗಾಲಿ ಬಿಚ್ಚಿದಾಗ ಗ್ರೀಸು ಸುಟ್ಟು ಕರಿ ಬೂದಿಯಾಗಿತ್ತು.

‘ಹನ್ನೊಂದು, ಇಂದು ಹೊರಡಲಿಲ್ಲ. ಕಾರಣ: ಬೇರಿಂಗ್.’
ಎರಡಂಗುಲದ ಚೌಕದಲ್ಲಿ ಇಷ್ಟು ಹಿಡಿಯಿತು.
ಮಾಲೀಕರು ಓದುವುದು ಅಷ್ಟನ್ನೇ.
ನಾಳೆ ಆ ಚೌಕದ ಕೆಳಗೆ ಇನ್ನೊಂದು ಚೌಕವಿದೆ.

ಕಿಟಕಿಯಿಂದ ನೋಡಿದೆ:
ಸೋಪಾನ ಜಾಕ್ ಏರಿಸುತ್ತಿದ್ದಾನೆ.
ಮುದುಕ ಬಂಪರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು
ಮೆಣಸಿನಕಾಯಿಗಳನ್ನು ಒಂದೊಂದಾಗಿ
ಬೆರಳಿನಿಂದ ಮುಟ್ಟುತ್ತಿದ್ದಾನೆ.